ಚಾರ್ಜ್ ಇದ್ದರೂ ಏಳದ ಕಾರು

ತಿಂಗಳುಗಟ್ಟಲೆ ನಿಂತ ಎಲೆಕ್ಟ್ರಿಕ್ ಕಾರು ಆನ್ ಆಗದಿದ್ದರೆ ಎಲ್ಲರೂ ಮೊದಲು ಬೈಯುವುದು ದೊಡ್ಡ ಬ್ಯಾಟರಿಯನ್ನು. ಪಾಪ, ಹೆಚ್ಚಿನ ಸಲ ಅದರ ತಪ್ಪೇನೂ ಇರುವುದಿಲ್ಲ. ಲಿಥಿಯಂ ಬ್ಯಾಟರಿ ಸುಮ್ನೆ ಇದ್ದರೆ ತಾನಾಗಿ ಇಳಿಯುವುದು ತುಂಬಾ ನಿಧಾನ. ಕೈಕೊಡುವುದು 12 ವೋಲ್ಟ್‌ನ ಚಿಕ್ಕ ಬ್ಯಾಟರಿ. ಹೌದು, ಪೆಟ್ರೋಲ್ ಕಾರಿನಲ್ಲಿ ಇರುತ್ತಲ್ಲ, ಅಂಥದ್ದೇ.

ಕಾರು ಆಫ್ ಮಾಡಿದಾಗ ನೂರಾರು ವೋಲ್ಟ್‌ನ ದೊಡ್ಡ ಬ್ಯಾಟರಿ ಕಾರಿನ ಉಳಿದ ಭಾಗಗಳಿಂದ ಪೂರ್ತಿ ಬೇರೆಯಾಗುತ್ತದೆ. ಸುರಕ್ಷತೆಗೆ ಅದು ಬೇಕೇ ಬೇಕು. ಅದನ್ನು ಮತ್ತೆ ಜೋಡಿಸುವ ಸ್ವಿಚ್ಚುಗಳಾದ ಕಾಂಟ್ಯಾಕ್ಟರ್‌ಗಳು, ಬಾಗಿಲಿನ ಲಾಕ್, ಒಳಗಿನ ಕಂಪ್ಯೂಟರ್‌ಗಳು, ಎಲ್ಲ ನಡೆಯುವುದು ಆ 12 ವೋಲ್ಟ್‌ನಿಂದ. ಅದು ಸತ್ತರೆ ದೊಡ್ಡದರಲ್ಲಿ 80% ಚಾರ್ಜ್ ಇದ್ದರೂ ಪ್ರಯೋಜನವಿಲ್ಲ, ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಚಾರ್ಜರ್ ಸಿಕ್ಕಿಸಿದರೂ ಎಷ್ಟೋ ಕಾರುಗಳು ಏಳುವುದಿಲ್ಲ, ಯಾಕಂದರೆ ಚಾರ್ಜರ್ ಜೊತೆ ಮಾತಾಡುವ ಕಂಪ್ಯೂಟರ್‌ಗೂ ಅದೇ ಕರೆಂಟು ಬೇಕು!

ನಿಂತ ಕಾರಿನಲ್ಲಿ ಈ ಚಿಕ್ಕ ಬ್ಯಾಟರಿ ಖಾಲಿ ಆಗುವುದು ಹೇಗೆ? ಕೀ ಸಿಗ್ನಲ್‌ಗೆ ಕಾಯುವುದು, ಅಲಾರಂ, ಡ್ಯಾಶ್‌ಕ್ಯಾಮ್, ಮೊಬೈಲ್ ನೆಟ್‌ವರ್ಕ್ ಎಲ್ಲ ಸ್ವಲ್ಪ ಸ್ವಲ್ಪ ಹೀರುತ್ತಲೇ ಇರುತ್ತವೆ. ಇನ್ನು ದಿನಾ ಆ್ಯಪ್ ತೆರೆದು 'ಚಾರ್ಜ್ ಎಷ್ಟಿದೆ' ಅಂತ ನೋಡುವವರಿದ್ದಾರೆ, ಕಾಳಜಿ ಒಳ್ಳೆಯದೇ, ಆದರೆ ಹಲವು ಕಾರುಗಳಲ್ಲಿ ಪ್ರತಿ ಸಲ ನೋಡಿದಾಗಲೂ ಮಲಗಿದ್ದ ಕಾರನ್ನು ಎಬ್ಬಿಸಿದ ಹಾಗಾಗುತ್ತದೆ. ಆ್ಯಪ್ ಮುಟ್ಟದೆ ಇರುವುದೇ ವಾಸಿ ಅಂತ ನನಗನಿಸುತ್ತದೆ. ಕೆಲವು ಕಾರುಗಳು ನಿಂತಲ್ಲೇ ದೊಡ್ಡ ಬ್ಯಾಟರಿಯಿಂದ ಚಿಕ್ಕದನ್ನು ಆಗಾಗ ತುಂಬಿಸಿಕೊಳ್ಳುತ್ತವೆ, ಎಲ್ಲವೂ ಅಲ್ಲ. ನಿಮ್ಮದು ಯಾವ ಜಾತಿ ಅಂತ ಮ್ಯಾನುಯಲ್‌ನಲ್ಲಿ ಇರುತ್ತದೆ.

ಚಿಕ್ಕ ಬ್ಯಾಟರಿ ಸತ್ತೇ ಹೋಗಿದ್ದರೆ ಗಾಬರಿ ಬೇಡ. ರಿಮೋಟ್ ಕೀ ಒಳಗೆ ಸಾಮಾನ್ಯವಾಗಿ ಲೋಹದ ಕೀ ಅಡಗಿರುತ್ತದೆ, ಅದರಿಂದ ಬಾಗಿಲು ತೆಗೆಯಿರಿ. ಮ್ಯಾನುಯಲ್ ತೋರಿಸಿದ ಜಾಗದಲ್ಲಿ ಜಂಪ್ ಸ್ಟಾರ್ಟರ್ (ಹೊರಗಿನಿಂದ 12 ವೋಲ್ಟ್ ಕರೆಂಟು ಕೊಡುವ ಚಿಕ್ಕ ಸಾಧನ) ಹಾಕಿ. ಇಲ್ಲಿ ತಿರುಗಿಸಬೇಕಾದ ಎಂಜಿನ್ ಇಲ್ಲವಲ್ಲ, ಕಂಪ್ಯೂಟರ್‌ಗಳು ಎದ್ದು ಕಾಂಟ್ಯಾಕ್ಟರ್ ಕೂಡಿಕೊಂಡರೆ ಸಾಕು, ಹಾಗಾಗಿ ಸಣ್ಣ ಜಂಪ್ ಸ್ಟಾರ್ಟರೇ ಸಾಲುತ್ತದೆ. ಆಮೇಲೆ ಹೈ ವೋಲ್ಟೇಜನ್ನು ಚಿಕ್ಕ ಬ್ಯಾಟರಿಗೆ ತಕ್ಕಂತೆ ಇಳಿಸುವ ಡಿಸಿ-ಡಿಸಿ ಕನ್ವರ್ಟರ್ ದೊಡ್ಡದರಿಂದ ಚಿಕ್ಕದಕ್ಕೆ ಚಾರ್ಜ್ ತುಂಬುತ್ತದೆ. ಕಾರನ್ನು ಸ್ವಲ್ಪ ಹೊತ್ತು ಆನ್ ಇಡಿ, ತಕ್ಷಣ ಆಫ್ ಮಾಡಬೇಡಿ. ಕಿತ್ತಳೆ ಬಣ್ಣದ ತಂತಿಗಳ ತಂಟೆಗೆ ಮಾತ್ರ ಹೋಗಲೇಬೇಡಿ, ಅದು ಹೈ ವೋಲ್ಟೇಜ್.

ಮೊದಲೇ ಗೊತ್ತಿದ್ದು ಕಾರು ಬಿಟ್ಟು ಹೋಗುವವರು ದೊಡ್ಡ ಬ್ಯಾಟರಿಯನ್ನು 50% ಆಸುಪಾಸಿನಲ್ಲಿ ಬಿಡಿ, 100% ತುಂಬಿಸಿ ಬಿಡುವುದು ಅದಕ್ಕೆ ಒಳ್ಳೆಯದಲ್ಲ. ಚಿಕ್ಕದಕ್ಕೆ ಒಂದು ಮೇಂಟೇನರ್ (ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಚಿಕ್ಕ ಚಾರ್ಜರ್) ಹಾಕಿ, ಇಲ್ಲವೇ ಮ್ಯಾನುಯಲ್ ಒಪ್ಪಿದರೆ ನೆಗೆಟಿವ್ ತಂತಿ ಬಿಚ್ಚಿ. ಹಾಂ, ಬಿಚ್ಚುವ ಮುನ್ನ ಬಾನೆಟ್ ಹೊರಗಿನಿಂದ ತೆರೆಯುವುದು ಹೇಗೆ ಅಂತ ನೋಡಿಕೊಳ್ಳಿ, ಕೆಲವದರಲ್ಲಿ ಅದೂ ಕರೆಂಟಿನಲ್ಲೇ ತೆರೆಯುವುದು. ಇನ್ನು ಪೂರ್ತಿ ಖಾಲಿಯಾಗಿ ತುಂಬಾ ದಿನ ಬಿದ್ದಿದ್ದ ಚಿಕ್ಕ ಬ್ಯಾಟರಿ ಲೆಡ್ ಆ್ಯಸಿಡ್ ಜಾತಿಯದ್ದಾದರೆ ಮೊದಲಿನಷ್ಟು ಚಾರ್ಜ್ ಹಿಡಿಯುವುದಿಲ್ಲ. ಒಂದು ಸಲ ಟೆಸ್ಟ್ ಮಾಡಿಸಿ, ಸೋತಿದ್ದರೆ ಬದಲಾಯಿಸಿಬಿಡಿ.