ಒದ್ದೆ ಪದಗಳ ನಕ್ಷೆ: ಡ್ಯಾಂಪ್ ಮುಗಿಯಿತು, ಊಝ್ ಇನ್ನೂ ಬಾಕಿ

ನಕ್ಷೆ ಅರ್ಧಕ್ಕಿಂತ ಜಾಸ್ತಿ ತುಂಬಿದೆ. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಇಂಗ್ಲಿಷಿನಲ್ಲಿ ತೇವ, ಕೆಸರು, ರಾಡಿ, ಜೌಗು, ಬೂಷ್ಟು ಇವಕ್ಕೆಲ್ಲ ಇರುವ ಪದಗಳನ್ನು ಒಂದೊಂದು ಕಾರ್ಡಿಗೆ ಬರೆಯುತ್ತಿದ್ದೇನೆ. ಅವನ್ನು ಗೋಡೆಯ ಥರ್ಮೋಕೋಲ್ ಹಾಳೆಗೆ ಚುಚ್ಚಿ, ಯಾವುದು ಯಾರ ಕಡೆಯಿಂದ ಬಂತು ಅಂತ ದಾರ ಕಟ್ಟಿ ತೋರಿಸುವ ಕೆಲಸ ಇದು. ಕಾರ್ಡಿನ ಮುಂದುಗಡೆ ಪದದ ಮೊದಲ ಅರ್ಥ, ಹಿಂದುಗಡೆ ಇವತ್ತಿನ ಅರ್ಥ. ನೀಲಿ ದಾರ ಹಳೆ ಇಂಗ್ಲಿಷಿನದು. ಕೆಂಪು ವೈಕಿಂಗರ ನಾರ್ಸ್. ಹಳದಿ ಫ್ರೆಂಚ್ ಮತ್ತು ಲ್ಯಾಟಿನ್. ಹಸಿರು ಡಚ್ಚರು, ಉತ್ತರ ಜರ್ಮನಿಯವರ ಕಡೆಯದು. ನಿಘಂಟಿನವರೇ ಕೈಚೆಲ್ಲಿದ ಪದಗಳಿಗೆ ದಾರ ಇಲ್ಲ. ಅವು ಶೂ ಡಬ್ಬಕ್ಕೆ ಹೋಗುತ್ತವೆ.

ಈ ಸಲ ಜಾಸ್ತಿ ಹೊತ್ತು ಹಿಡಿದದ್ದು ಡ್ಯಾಂಪ್. ಗೋಡೆಗೆ ಡ್ಯಾಂಪ್ ಬಂದಿದೆ ಅಂತ ನಾವೂ ಹೇಳುತ್ತೇವೆ, ಪೇಂಟಿನವರ ಬಾಯಲ್ಲಂತೂ ದಿನಾ ಇದೇ ಮಾತು. ಆದರೆ ಈ ಕಾರ್ಡಿನ ಮುಂದುಗಡೆ ನೀರಿನ ಸುದ್ದಿಯೇ ಇಲ್ಲ. 14ನೇ ಶತಮಾನದ ಇಂಗ್ಲಿಷಿನಲ್ಲಿ ಡ್ಯಾಂಪ್ ಅಂದರೆ ಉಸಿರು ಕಟ್ಟಿಸುವ ಕೆಟ್ಟ ಆವಿ. ಜರ್ಮನ್ ಭಾಷೆಯಲ್ಲಿ ಇದರ ದಾಯಾದಿ ಡಾಂಫ್, ಇವತ್ತಿಗೂ ಹಬೆ ಅನ್ನುವ ಅರ್ಥದಲ್ಲೇ ಇದೆ. ಸ್ವಲ್ಪ ಒದ್ದೆ ಅನ್ನುವ ಅರ್ಥ ಗಟ್ಟಿಯಾದದ್ದು 18ನೇ ಶತಮಾನದಲ್ಲಿ.

ಹಳೆ ಅರ್ಥ ಪೂರ್ತಿ ಸಾಯಲಿಲ್ಲ. ಕಲ್ಲಿದ್ದಲ ಗಣಿಯೊಳಗೆ ಉಳಿದುಕೊಂಡಿತು. ಗಣಿಯವರಿಗೆ ಒಂದೊಂದು ಗಾಳಿಗೂ ಒಂದೊಂದು ಡ್ಯಾಂಪ್. ಫೈರ್‌ಡ್ಯಾಂಪ್ ಅಂದರೆ ದೀಪ ತಾಗಿದರೆ ಸಿಡಿಯುವ ಮೀಥೇನ್. ಬ್ಲ್ಯಾಕ್‌ಡ್ಯಾಂಪ್ ಅಂದರೆ ಆಮ್ಲಜನಕ ಕಳೆದುಕೊಂಡ ಗಾಳಿ. ಅದಕ್ಕೆ ದೀಪವೂ ಆರುತ್ತದೆ, ಮನುಷ್ಯನೂ ಬೀಳುತ್ತಾನೆ. ಸ್ಟಿಂಕ್‌ಡ್ಯಾಂಪಿಗೆ ಕೊಳೆತ ಮೊಟ್ಟೆಯ ನಾತ, ಅದು ಹೈಡ್ರೋಜನ್ ಸಲ್ಫೈಡ್. ಎಲ್ಲಕ್ಕಿಂತ ಮೋಸದ್ದು ಆಫ್ಟರ್‌ಡ್ಯಾಂಪ್. ಸ್ಫೋಟದಲ್ಲಿ ಬದುಕಿ ಉಳಿದವರನ್ನು ಆಮೇಲೆ ಕೊಲ್ಲುವ ಗಾಳಿ ಅದು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. 1812ರ ಮೇ 25ರಂದು ಇಂಗ್ಲೆಂಡಿನ ಈಶಾನ್ಯದ ಫೆಲ್ಲಿಂಗ್ ಗಣಿಯಲ್ಲಿ ಫೈರ್‌ಡ್ಯಾಂಪ್ ಸಿಡಿದು 92 ಜನ ಸತ್ತರು. ಮೂರು ವರ್ಷ ಕಳೆದು, 1815ರಲ್ಲಿ, ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಇಂಥ ಸ್ಫೋಟ ತಡೆಯಲು ಜ್ವಾಲೆಯ ಸುತ್ತ ತಂತಿ ಬಲೆ ಸುತ್ತಿದ ದೀಪ ಮಾಡಿದ. ಅದೇ ವರ್ಷ ಗಣಿಯಲ್ಲೇ ಎಂಜಿನ್ ನೋಡಿಕೊಳ್ಳುತ್ತಿದ್ದ ಜಾರ್ಜ್ ಸ್ಟೀಫನ್‌ಸನ್ ಕೂಡ ತನ್ನದೊಂದು ದೀಪ ಮಾಡಿದ. ಯಾರದ್ದು ಮೊದಲು ಅಂತ ಜೋರು ಜಗಳವೇ ಆಯಿತು.

ಕ್ರಿಯಾಪದದ ದಾರಿಯೂ ಇದೇ. ಬೆಂಕಿಯನ್ನು ಡ್ಯಾಂಪ್ ಮಾಡುವುದು ಅಂದರೆ ಗಾಳಿ ಸಿಗದಂತೆ ಮಾಡಿ ಅದರ ಉಸಿರು ಅಡಗಿಸುವುದು. ಪಿಯಾನೋದ ತಂತಿಯ ದನಿ ಅಡಗಿಸುವ ಡ್ಯಾಂಪರ್ ಹುಟ್ಟಿದ್ದು ಆ ಅರ್ಥದಿಂದ. ಅಲ್ಲಿ ನೀರಿಗೆ ಕೆಲಸವೇ ಇಲ್ಲ.

ಸ್ಟೀಫನ್‌ಸನ್ನನ ಬೆನ್ನು ಹತ್ತಿ ಹೋದರೆ ಅವನು ಸೀದಾ ಮುಂದಿನ ಕಾರ್ಡಿಗೆ ತಂದು ಬಿಟ್ಟ. ಅದು ಮಾಸ್. ಶಾಲೆಯಲ್ಲಿ ಕಲಿತಂತೆ ಮಾಸ್ ಅಂದರೆ ಪಾಚಿ, ಹಾವಸೆ. ಹಳೆ ಇಂಗ್ಲಿಷಿನಲ್ಲಿ ಅದು ಜೌಗು ನೆಲವೂ ಹೌದು. ಇಂಗ್ಲೆಂಡಿನ ಉತ್ತರದಲ್ಲಿ, ಸ್ಕಾಟ್ಲೆಂಡಿನಲ್ಲಿ ಊರಿನ ಹೆಸರುಗಳಲ್ಲಿ ಇವತ್ತಿಗೂ ಆ ಅರ್ಥ ಇದೆ. ನಾರ್ಸ್ ಕಡೆಯಿಂದ ಬಂದ ಮೈರ್ (ಇದೂ ಜೌಗೇ) ಕೂಡ ಇದೇ ಬೇರಿನದು. ಹಾಗಾಗಿ ಇಲ್ಲಿ ನೀಲಿ ದಾರ, ಕೆಂಪು ದಾರ ಎರಡೂ ಒಂದೇ ಗುಂಡುಸೂಜಿಗೆ ಬಂದು ಸೇರುತ್ತವೆ. ಇಡೀ ನಕ್ಷೆಯಲ್ಲಿ ನನಗೆ ಇಷ್ಟದ ಗಂಟು ಇದು.

ಸ್ಟೀಫನ್‌ಸನ್ ಆಮೇಲೆ ಕಟ್ಟಿದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ದಾರಿಗೆ ಅಡ್ಡ ಬಂದದ್ದು ಚಾಟ್ ಮಾಸ್ ಅನ್ನುವ ದೊಡ್ಡ ಜೌಗು. ಕಾಲಿಟ್ಟರೆ ಹೂತುಹೋಗುವ ನೆಲ. ಕೆಲಸದವರು ಪಾದಕ್ಕೆ ಹಲಗೆ ಕಟ್ಟಿಕೊಂಡು ಓಡಾಡಿದರು. ಮಣ್ಣು ಸುರಿದಷ್ಟೂ ನುಂಗಿತು. ಕೊನೆಗೆ ಸ್ಟೀಫನ್‌ಸನ್ ತಳ ಮುಟ್ಟುವ ಹಟವನ್ನೇ ಬಿಟ್ಟ. ಹೆದರ್ ಅನ್ನುವ ಕುರುಚಲು ಗಿಡದ ಕಟ್ಟು, ಪೊದೆ ಕಡ್ಡಿ ಹೆಣೆದ ತಟ್ಟಿ ಇವನ್ನು ಹಾಸಿ, ಅದರ ಮೇಲೆ ಹಳಿಯನ್ನು ತೇಲಿಸಿಬಿಟ್ಟ. 1830ರ ಸೆಪ್ಟೆಂಬರ್ 15ರಂದು ಮಾರ್ಗ ಶುರುವಾಯಿತು. ಇವತ್ತಿಗೂ ಅಲ್ಲಿ ರೈಲು ಓಡುತ್ತಿದೆ. ಇನ್ನು ಲಿವರ್‌ಪೂಲ್ ಅನ್ನುವ ಹೆಸರನ್ನೇ ಬಿಡಿಸಿದರೆ ಸಿಗುವುದು ರಾಡಿ ನೀರಿನ ಮಡು. ರಾಡಿಯಿಂದ ಹೊರಟ ರೈಲು ಜೌಗಿನ ಮೇಲೆ ಹೋಯಿತು ಅನ್ನಿ.

ಫೆನ್ ಕಾರ್ಡಿನಿಂದ ನಮ್ಮ ಕಡೆಗೂ ಒಂದು ದಾರ ಬರುತ್ತದೆ. ಪೂರ್ವ ಇಂಗ್ಲೆಂಡಿನ ತಗ್ಗು ಜೌಗು ಪ್ರದೇಶಕ್ಕೆ ಫೆನ್ಸ್ ಅಂತ ಹೆಸರು. ಈ ಪದ, ಸಂಸ್ಕೃತದ ಪಂಕ ಎರಡೂ ಒಂದೇ ಬುಡದ್ದು ಅಂತ ಭಾಷಾಶಾಸ್ತ್ರದವರು ಇಡುತ್ತಾರೆ. ಜರ್ಮನ್ ಗುಂಪಿನ ಭಾಷೆಗಳಲ್ಲಿ ಹಳೆಯ ಪ ಫ ಆಯಿತು ಅನ್ನುವುದು ಗೊತ್ತಿರುವ ನಿಯಮ. ಪಿತೃ–ಫಾದರ್, ಪಾದ–ಫುಟ್ ನೆನಪಿಸಿಕೊಳ್ಳಿ. ಅಂದರೆ ನಮ್ಮ ಬೀದಿಯ ಪಂಕಜಮ್ಮನವರ ಹೆಸರಿನ ಮೊದಲರ್ಧ ಕೇಂಬ್ರಿಡ್ಜ್ ಪಕ್ಕದ ಕೆಸರಲ್ಲೂ ಇದೆ! ಫೆನ್ಸ್‌ನ ನೀರನ್ನು 17ನೇ ಶತಮಾನದಲ್ಲಿ ಡಚ್ ಎಂಜಿನಿಯರ್ ಕಾರ್ನೇಲಿಯಸ್ ವರ್ಮಯ್ಡನ್ ಕಾಲುವೆ ತೋಡಿ ಹರಿಸಿದ. ಒಣಗಿದ ಮೇಲೆ ನೆಲ ಕುಸಿಯತೊಡಗಿತು. ಹೋಮ್ ಫೆನ್‌ನಲ್ಲಿ 19ನೇ ಶತಮಾನದ ನಡುವೆ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಮಟ್ಟಕ್ಕೆ ಬರುವಂತೆ ಹೂತರು. ಈಗ ಅದು ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಇದ್ದಲ್ಲೇ ಇದೆ, ನೆಲವೇ ಇಳಿದಿದೆ.

ಮಿಸ್ಟ್–ಮೇಘ, ವಾಟರ್–ಉದಕ ಇವಕ್ಕೂ ದಾರ ಕಟ್ಟಿದ್ದೇನೆ. ಇವೆಲ್ಲ ಸಂಸ್ಕೃತದ ಮೂಲಕ ಬರುವ ನೆಂಟಸ್ತಿಕೆ. ಕೆಸರು, ಜೌಗು, ಒದ್ದೆ ನಮ್ಮ ಸ್ವಂತ ಪದಗಳು. ಅವಕ್ಕೂ ಇಂಗ್ಲಿಷಿಗೂ ಸಂಬಂಧ ಇಲ್ಲ. ಸೆಖೆಗೆ ಹೇಳುವ ಮಗಿ ನೋಡಿದ ತಕ್ಷಣ ನಮ್ಮ ಮುಗ್ಗು ವಾಸನೆ ನೆನಪಾಗುತ್ತದೆ, ಅಲ್ವಾ? ಮಗಿ ಬಂದದ್ದು ತುಂತುರು ಅನ್ನುವ ಅರ್ಥದ ನಾರ್ಸ್ ಪದದಿಂದ. ಎರಡರ ಹೋಲಿಕೆ ಸುಮ್ನೆ ಕಾಕತಾಳೀಯ. ವಾಟ್ಸಾಪಿನಲ್ಲಿ ಯಾರಾದರೂ ಇದಕ್ಕೆ ಐದು ಸಾವಿರ ವರ್ಷದ ಇತಿಹಾಸ ಕಟ್ಟುವ ಮುಂಚೆ ಇಲ್ಲಿ ಬರೆದಿಟ್ಟಿದ್ದೇನೆ.

ಕೆಲವು ಕಾರ್ಡು ಬೇಗ ಮುಗಿದವು. ಜೌಗಿಗೆ ಹೇಳುವ ಬಾಗ್ ಐರ್ಲೆಂಡ್, ಸ್ಕಾಟ್ಲೆಂಡಿನ ಗೇಲಿಕ್‌ನದು, ಮೂಲ ಅರ್ಥ ಮೆತ್ತಗಿನದು. ಮಡ್‌ಗೆ ಹಸಿರು ದಾರ. ಸ್ವಾಂಪ್ ಕೂಡ ಜೌಗೇ, ಅದು ಮೊದಲು ಬರವಣಿಗೆಯಲ್ಲಿ ಸಿಗುವುದು 1624ರಲ್ಲಿ, ವರ್ಜೀನಿಯಾ ಬಗ್ಗೆ ಬರೆದ ಕ್ಯಾಪ್ಟನ್ ಜಾನ್ ಸ್ಮಿತ್‌ನ ಪುಸ್ತಕದಲ್ಲಿ. ಸ್ಲಶ್ ಅಂದರೆ ಕರಗುವ ಹಿಮದ ರಾಡಿ. ಹಡಗಿನ ಅಡುಗೆಮನೆಯಲ್ಲಿ ಉಪ್ಪು ಮಾಂಸ ಬೇಯಿಸಿದಾಗ ಮೇಲೆ ತೇಲುವ ಕೊಬ್ಬಿಗೂ ಅದೇ ಹೆಸರಿತ್ತು. ಆ ಕೊಬ್ಬು ಮಾರಿ ಬಂದ ದುಡ್ಡೇ ಸ್ಲಶ್ ಫಂಡ್. ಈಗ ಪೇಪರಿನಲ್ಲಿ ಲಂಚದ ಸುದ್ದಿ ಬಂದಾಗ ಓದುತ್ತೀರಲ್ಲ, ಅದೇ. ಹ್ಯೂಮರ್ ಕೂಡ ಒದ್ದೆ ಪದವೇ. ಲ್ಯಾಟಿನ್‌ನಲ್ಲಿ ತೇವ, ದ್ರವ ಅಂತ. ದೇಹದೊಳಗಿನ ನಾಲ್ಕು ದ್ರವ ಮನುಷ್ಯನ ಗುಣ ತೀರ್ಮಾನಿಸುತ್ತವೆ ಅಂತ ಯುರೋಪಿನ ಹಳೆ ವೈದ್ಯರು ನಂಬಿದ್ದರು. ದ್ರವದಿಂದ ಗುಣ, ಗುಣದಿಂದ ವಿಚಿತ್ರ ಸ್ವಭಾವ, ಅಲ್ಲಿಂದ ಹಾಸ್ಯ.

ಗಿಡದ ಬೂಷ್ಟು ರೋಗಕ್ಕೆ ಹೇಳುವ ಮಿಲ್ಡ್ಯೂ ಮಾತ್ರ ತುಸು ನಿಲ್ಲಿಸಿತು. ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಡೌನಿ ಮಿಲ್ಡ್ಯೂ ಹೆಸರು ಕೇಳಿದರೇ ತಲೆಬಿಸಿ. ಆದರೆ ಕಾರ್ಡಿನ ಮುಂದುಗಡೆ ಏನಿದೆ ಗೊತ್ತೇ? ಜೇನಿನ ಇಬ್ಬನಿ. ಹಳೆ ಇಂಗ್ಲಿಷಿನಲ್ಲಿ ಮೆಲೆ ಅಂದರೆ ಜೇನು, ಡ್ಯೂ ಅಂದರೆ ಇಬ್ಬನಿ. ಎಲೆಯ ಮೇಲೆ ಬೆಳಗಾಗುವಷ್ಟರಲ್ಲಿ ಸಿಗುವ ಸಿಹಿ ಅಂಟನ್ನು ಆಕಾಶದಿಂದ ಬಿದ್ದದ್ದು ಅಂದುಕೊಂಡಿದ್ದರು. ಅದು ಗಿಡಹೇನು ಬಿಡುವ ರಸ. ನಮ್ಮ ಮಾವಿನ ಮರದ ಜಿಗಿಹುಳುವೂ ಹೀಗೇ ಅಂಟು ಬಿಡುತ್ತದೆ. ಹೂ ಬಿಡುವ ಕಾಲದಲ್ಲಿ ಮರದ ಕೆಳಗೆ ನಿಂತರೆ ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತವೆ, ಕೈಗೆ ಜಿಗುಟಾಗುತ್ತವೆ. ಸ್ವಲ್ಪ ದಿನಕ್ಕೆ ಆ ಅಂಟಿನ ಮೇಲೆ ಮಸಿಯಂಥ ಬೂಷ್ಟು ಬರುತ್ತದೆ. ಅಂಟಿನ ಹೆಸರು ಬೂಷ್ಟಿಗೆ ಹೋದದ್ದು ಹೀಗೇ ಅಂತ ನನ್ನ ಅಂದಾಜು.

ಪಡಲ್ ಅಂದರೆ ರಸ್ತೆಯ ನೀರಿನ ಗುಂಡಿ, ಮೂಲದಲ್ಲಿ ಚಿಕ್ಕ ಹಳ್ಳ. ಇಂಗ್ಲೆಂಡಿನ ಕಾಲುವೆ ಕಟ್ಟುವವರು ಅದನ್ನು ಕ್ರಿಯಾಪದ ಮಾಡಿಕೊಂಡರು. ಜೇಡಿಮಣ್ಣಿಗೆ ನೀರು ಹಾಕಿ, ಚೆನ್ನಾಗಿ ತುಳಿದು, ನೀರು ಇಂಗದ ಹಾಗೆ ತಳಕ್ಕೆ ಮೆತ್ತುವುದು ಪಡಲಿಂಗ್. 1761ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆಗೆ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಇದನ್ನೇ ಮಾಡಿದ. ನಾಟಿಗೆ ಮುಂಚೆ ಗದ್ದೆಯಲ್ಲಿ ನೀರು ನಿಲ್ಲಿಸಿ ಉತ್ತು ಕೆಸರು ಮಾಡುತ್ತಾರಲ್ಲ, ಅದಕ್ಕೂ ಕೃಷಿ ಪುಸ್ತಕಗಳಲ್ಲಿ ಪಡಲಿಂಗ್ ಅನ್ನುವುದೇ ಹೆಸರು. ಉದ್ದೇಶವೂ ಒಂದೇ, ನೀರು ಕೆಳಗೆ ಇಳಿದುಹೋಗಬಾರದು.

ಒದ್ದೆ ಪದಗಳಿಗೆಲ್ಲ ತಾರೀಖು ಕೊಟ್ಟ ಆಕ್ಸ್‌ಫರ್ಡ್ ನಿಘಂಟು ಬೆಳೆದ ಜಾಗವೂ ಥಂಡಿಯೇ. ಸಂಪಾದಕ ಜೇಮ್ಸ್ ಮರ್ರಿ ಆಕ್ಸ್‌ಫರ್ಡಿನ ಮನೆಯ ತೋಟದಲ್ಲಿ ಕಬ್ಬಿಣದ ತಗಡಿನ ಶೆಡ್ ಕಟ್ಟಿಸಿದ. ಪಕ್ಕದ ಮನೆಯವರು ನೋಟ ಕೆಡುತ್ತದೆ ಅಂದದ್ದಕ್ಕೆ ಅದನ್ನು ನೆಲದೊಳಗೆ ಸ್ವಲ್ಪ ಹುದುಗಿಸಬೇಕಾಯಿತು. ಒಳಗೆ ಚಳಿ, ತೇವ. ಮೊದಲ ಕಂತು 1884ರಲ್ಲಿ ಬಂತು, ಕೊನೆಯದು 1928ರಲ್ಲಿ. ಅಷ್ಟು ಹೊತ್ತಿಗೆ ಮರ್ರಿ ತೀರಿಕೊಂಡು 13 ವರ್ಷ ಆಗಿತ್ತು.

ನಕ್ಷೆಯ ಅತಿ ಕಿರಿಯ ಕಾರ್ಡು ಪೆಟ್ರಿಕೋರ್. ಮೊದಲ ಮಳೆಗೆ ಒಣ ನೆಲದಿಂದ ಏಳುವ ವಾಸನೆ. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಕಟ್ಟಿದ ಪದ, ಕಲ್ಲು ಅನ್ನುವ ಗ್ರೀಕ್ ಪದಕ್ಕೆ ದೇವತೆಗಳ ರಕ್ತ ಅನ್ನುವ ಪದ ಸೇರಿಸಿ. ಅದಕ್ಕೂ ಮುಂಚೆಯೇ ಉತ್ತರ ಪ್ರದೇಶದ ಕನ್ನೌಜ್‌ನ ಅತ್ತರಿನವರು ಈ ವಾಸನೆಯನ್ನು ಮಣ್ಣಿನಿಂದ ಬಟ್ಟಿ ಇಳಿಸಿ ಗಂಧದೆಣ್ಣೆಯಲ್ಲಿ ಹಿಡಿದು ಮಾರುತ್ತಿದ್ದರು. ಆ ಇಬ್ಬರು ವಿಜ್ಞಾನಿಗಳಿಗೂ ಅದು ಗೊತ್ತಿತ್ತು.

ಬಾಕಿ ಇರುವುದು ಊಝ್. ಇದು ಒಂದು ಕಾರ್ಡೋ ಎರಡೋ ಅನ್ನುವುದೇ ಜಗಳ. ಹಳೆ ಇಂಗ್ಲಿಷಿನಲ್ಲಿ ವಾಸ ಅಂದರೆ ಕೆಸರು, ವೋಸ್ ಅಂದರೆ ಗಿಡದ ರಸ. ಬೇರೆ ಬೇರೆ ಪದಗಳು. ಎರಡೂ ಮುಂದಿನ ವ ಕಳೆದುಕೊಂಡು, ಉಚ್ಚಾರ ಒಂದೇ ಆಗಿ, ಈಗ ಕೆಸರಿಗೂ ಊಝ್, ಒಸರುವುದಕ್ಕೂ ಊಝ್. ಸದ್ಯಕ್ಕೆ ಎರಡು ಕಾರ್ಡು ಬೆನ್ನಿಗೆ ಬೆನ್ನು ಅಂಟಿಸಿ, ಎರಡು ನೀಲಿ ದಾರ ಬಿಟ್ಟಿದ್ದೇನೆ.

ಇದಾದ ಮೇಲೆ ಸ್ಲ ಗುಂಪು. ಸ್ಲೈಮ್, ಸ್ಲಶ್, ಸ್ಲಡ್ಜ್, ಸ್ಲಾಪ್, ಸ್ಲಿಪ್. ಕೆಲವು ನಿಜವಾದ ನೆಂಟರು, ಕೆಲವು ಬರೀ ಸದ್ದಿಗೆ ಸೇರಿಕೊಂಡವು. ಸ್ಲೈಮ್‌ಗೂ ಸುಣ್ಣಕ್ಕೆ ಹೇಳುವ ಲೈಮ್‌ಗೂ ಅಂಟು ಅನ್ನುವ ಬೇರು ಒಂದೇ, ಅದು ಖಾತ್ರಿ. ಉಳಿದವನ್ನು ಒಂದೊಂದಾಗಿ ನೋಡಬೇಕು. ಸದ್ದಿನ ನೆಂಟಸ್ತಿಕೆಗೆ ದಾರದ ಬದಲು ಪೆನ್ಸಿಲ್ ಗೆರೆ ಸಾಕು ಅಂತ ಅಂದುಕೊಂಡಿದ್ದೇನೆ. ಥರ್ಮೋಕೋಲ್ ಮೇಲೆ ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ, ಅದೊಂದು ತೊಂದರೆ. ಸ್ಕೆಚ್ ಪೆನ್ ತರಬೇಕು.