ಹೆಸರು ಕೊರೆಸದ ಲೋಟ

ಅಕ್ಟೋಬರ್ 14, 2024, ಸೋಮವಾರ

ನನ್ನ ತರಗತಿಯ ಮೂವತ್ತೆಂಟು ಜನರಲ್ಲಿ ಇಷ್ಟಪಟ್ಟು ಬಂದವರು ನಾಲ್ಕೈದು ಮಂದಿ ಇದ್ದರೆ ಹೆಚ್ಚು. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವ ಕ್ಯಾಂಪಸ್ಸಾದರೂ ಸರಿ, ನರ್ಸಿಂಗ್ ಓದಲಿ, ಎಂಜಿನಿಯರಿಂಗ್ ಓದಲಿ, ಎತ್ನಿಕ್ ಸ್ಟಡೀಸ್‌ನ, ಅಂದರೆ ಅಮೆರಿಕದ ಬಿಳಿಯೇತರ ಸಮುದಾಯಗಳ ಚರಿತ್ರೆ, ಬದುಕಿನ ಪಾಠದ, ಮೂರು ಯೂನಿಟ್ ಮುಗಿಸದೆ ಪದವಿ ಕೈಗೆ ಬರುವುದಿಲ್ಲ. 2020ರಲ್ಲಿ ರಾಜ್ಯ ಮಾಡಿದ ಕಾನೂನು ಅದು. ಇದೇ ಪಾಠಕ್ಕಾಗಿ 1968ರ ನವೆಂಬರಿನಿಂದ ಸುಮಾರು ಐದು ತಿಂಗಳು ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಮುಷ್ಕರ ಹೂಡಿ ಪೊಲೀಸರಿಂದ ಏಟು ತಿಂದಿದ್ದರು. ಈಗ ಹಿಂದಿನ ಸಾಲಿನಲ್ಲಿ ಆಕಳಿಕೆ.

ಇಂದಿನ ಪಾಠ ಭಗತ್ ಸಿಂಗ್ ಥಿಂಡ್ ಮೊಕದ್ದಮೆ. ನಮ್ಮ ಭಗತ್ ಸಿಂಗ್ ಅಲ್ಲ. ಇವರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ್ದ ಪಂಜಾಬಿನ ಸಿಖ್. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ಪೌರತ್ವ ಸಿಗುತ್ತಿದ್ದ ಕಾಲ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂದು ಥಿಂಡ್ ವಾದಿಸಿದರು. 1923ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಮೇಲೆ, ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರೂ ಅದನ್ನು ಕಳೆದುಕೊಂಡರು. ಈ ಅನ್ಯಾಯವನ್ನು ನಾನು ಪ್ರತಿವರ್ಷ ಕೊಂಚ ಗಂಟಲುಬ್ಬಿಸಿಯೇ ಹೇಳುತ್ತೇನೆ.

ನರ್ಸಿಂಗ್ ಓದುವ ಹುಡುಗಿಯೊಬ್ಬಳು ಕೈಯೆತ್ತಿದಳು. ದ್ರಾಕ್ಷಿತೋಟದ ಕೂಲಿಕಾರರ ಮಗಳು. ಸೆಮಿಸ್ಟರ್ ಶುರುವಾದಾಗಿನಿಂದ ಬಾಯಿ ಬಿಟ್ಟವಳಲ್ಲ. "ಹಾಗಾದರೆ ಆತ ಬೇಲಿ ಕೀಳಿ ಎನ್ನಲಿಲ್ಲ, ನನ್ನನ್ನು ಮಾತ್ರ ಒಳಗೆ ಬಿಡಿ ಎಂದರು, ಅಲ್ಲವೇ?" ನಾನು ತಲೆಯಾಡಿಸಿದೆ. "ಪ್ರೊಫೆಸರ್, ನಿಮ್ಮದು ಯಾವ ಜಾತಿ?"

ಬಾಯಿ ಒಣಗಿತು. ನಮ್ಮ ವಿಶ್ವವಿದ್ಯಾಲಯ 2022ರ ಜನವರಿಯಲ್ಲೇ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನೂ ಸೇರಿಸಿದೆ ಎಂದೇನೋ ಒದರಿದೆ. ಕೇಳಿದ್ದು ಅದಲ್ಲ ಎಂದು ಅವಳಿಗೂ ಗೊತ್ತು, ನನಗೂ. ಅಷ್ಟರಲ್ಲಿ ಹೊತ್ತಾಯಿತು, ಸದ್ಯ.

ಕಡ್ಡಾಯ ಮಾಡಿದರೆ ಮನಸ್ಸು ಬದಲಾಗುತ್ತದೆಯೇ ಎಂದು ಇಲ್ಲಿ ಬೇಕಾದಷ್ಟು ವಾದ ನಡೆಯುತ್ತದೆ. ಐಚ್ಛಿಕವಾಗಿದ್ದರೆ ಆ ಹುಡುಗಿ ನನ್ನ ತರಗತಿಗೆ ಬರುತ್ತಿರಲಿಲ್ಲ. ಒಪ್ಪುವವರೇ ಬಂದು ಕೂತು ಒಪ್ಪಿಕೊಂಡು ಎದ್ದು ಹೋಗುತ್ತಿದ್ದರು, ನಾನೂ ಅವರ ಜೊತೆ.

ಮೈಸೂರಿನ ನಮ್ಮ ಮನೆಯ ಸ್ಟೀಲ್ ಲೋಟಗಳ ಮೇಲೆಲ್ಲ ಹೆಸರು ಕೊರೆಸಿತ್ತು: ಅಜ್ಜನದು, ಅಪ್ಪನದು, ನಾಮಕರಣಕ್ಕೆ ಬಂದ ನನ್ನದು. ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿದ್ದ ಒಂದಕ್ಕೆ ಮಾತ್ರ ಹೆಸರಿರಲಿಲ್ಲ, ಅಂಚು ನೆಗ್ಗಿತ್ತು. ಬಚ್ಚಲು ತೊಳೆಯಲು ಬರುತ್ತಿದ್ದಾಕೆಗೆ ಅದರಲ್ಲಿ ಕಾಫಿ. ಕುಡಿದು, ತಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದಳು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಅದೀಗ ಯಾಕೆ ನೆನಪಾಯಿತು? ಇದೆಯಲ್ಲ, ತುಳಸಿಗೆ ನೀರು ಹಾಕಲು ಇಟ್ಟುಕೊಂಡಿದ್ದೇನೆ."

ಬುಧವಾರ ಜಪಾನೀ ಅಮೆರಿಕನ್ನರ ಬಂಧನ ಶಿಬಿರಗಳ ಪಾಠ. ಮೊದಲ ಹತ್ತು ನಿಮಿಷ ಖಾಲಿ ಬಿಟ್ಟುಕೊಂಡಿದ್ದೇನೆ.