ಕುರ್ಚಿಯಿಂದ ಏಳುವ ಪರೀಕ್ಷೆ

ಮುಂಬಯಿಯ ಮುಲುಂಡ್‌ನ ನಮ್ಮ ಕನ್ನಡಿಗರ ಬಳಗವು ಶಾಲೆಯೊಂದರ ಸಭಾಂಗಣದಲ್ಲಿ ನಡೆಸುವ ಆರೋಗ್ಯ ಶಿಬಿರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ಮೇಜುಗಳ ಮುಂದೆ ಯಾವಾಗಲೂ ಉದ್ದನೆಯ ಸಾಲು ಇರುತ್ತದೆ. ಹಳಿ ದುರಸ್ತಿಗೆಂದು ಲೋಕಲ್ ರೈಲು ತಡೆಯುವ ಭಾನುವಾರದ ಮೆಗಾ ಬ್ಲಾಕ್ ಲೆಕ್ಕಿಸದೆ ಭಾಂಡೂಪ್, ಠಾಣೆ, ಡೊಂಬಿವಲಿಗಳಿಂದ ಜನ ಬರುತ್ತಾರೆ. ಬಾಗಲಕೋಟೆ, ವಿಜಯಪುರ ಕಡೆಯ ಕುಟುಂಬಗಳು ಬೆಳಗ್ಗೆಯೇ ಮಕ್ಕಳು ಮರಿ ಸಮೇತ ಬಂದು ಕೂತರೆ, ಕುಂದಾಪುರ, ಉಡುಪಿ ಕಡೆಯ ಹೋಟೆಲಿನವರು ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಮೂರು ಗಂಟೆಯ ಮೇಲೆ ಬರುತ್ತಾರೆ. ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ನಾನೂ ಇಲ್ಲಿ ಸ್ವಯಂಸೇವೆಗೆ ಸೇರಿಕೊಂಡಿದ್ದೇನೆ. ಕಳೆದ ಶಿಬಿರದಲ್ಲಿ ನನ್ನ ಪಾಲಿಗೆ ಬಂದದ್ದು ಯಾರೂ ಕೇಳಿಕೊಂಡು ಬರದ ಮೂಲೆ: ಗೋಡೆಗೆ ಒತ್ತಿಟ್ಟ ಎರಡು ಕುರ್ಚಿ, ಅವುಗಳಲ್ಲಿ ಒಂದರಿಂದ ಮೂರು ಮೀಟರ್ ದೂರಕ್ಕೆ ನೆಲದ ಮೇಲೆ ಅಂಟಿಸಿದ ಬಿಳಿ ಟೇಪು, ಮತ್ತು ಒಂದು ಸ್ಟಾಪ್‌ವಾಚ್.

ನಮ್ಮ ಬಳಗದ ಫಿಸಿಯೋಥೆರಪಿಸ್ಟ್ ತರುಣಿ ಹಿಂದಿನ ದಿನವೇ ನಮಗೆ ವಿಧಾನ ಕಲಿಸಿದ್ದಳು. ಹಿರಿಯರು ಕೈಗಳಿರುವ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರಬೇಕು. ಹೇಳಿದೊಡನೆ ಎದ್ದು, ದಿನನಿತ್ಯದ ನಡಿಗೆಯಲ್ಲೇ ಟೇಪಿನವರೆಗೆ ಹೋಗಿ, ತಿರುಗಿ ಬಂದು ಮತ್ತೆ ಕೂರಬೇಕು. 1991ರಿಂದ ಬಳಕೆಯಲ್ಲಿರುವ ಈ ಪರೀಕ್ಷೆಗೆ ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಗುರುತಿಸುತ್ತಾರೆ. ಎರಡನೆಯದು ಕೈಗಳಿಲ್ಲದ ಕುರ್ಚಿಯದು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಲು ಸಾಧ್ಯ ಎಂದು ಎಣಿಸುವುದು. ಎಪ್ಪತ್ತರಿಂದ ಎಪ್ಪತ್ತನಾಲ್ಕರ ಹೆಂಗಸರಿಗೆ ಹತ್ತಕ್ಕಿಂತ, ಗಂಡಸರಿಗೆ ಹನ್ನೆರಡಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಎಂದರ್ಥ. ಕೈ ಊರಿದರೆ ಲೆಕ್ಕ ಸೊನ್ನೆ.

ಸೂಜಿ ಇಲ್ಲ, ಯಂತ್ರವಿಲ್ಲ, ಕೊನೆಯಲ್ಲಿ ಕೈಗೆ ಸಿಗುವ ವರದಿಯೂ ಇಲ್ಲ. ಆದ್ದರಿಂದ ಇದನ್ನು ಯಾರೂ ಪರೀಕ್ಷೆಯೆಂದು ಒಪ್ಪಲಿಲ್ಲ. ‘ಇದೆಂಥದು ಮಾರಾಯ್ರೆ, ಮಕ್ಕಳ ಆಟವಾ?’ ಎಂದು ನಗುತ್ತಲೇ ಕೂತ ಕುಂದಾಪುರದ ಕಡೆಯ ಹೋಟೆಲಿನ ಯಜಮಾನರೊಬ್ಬರು ಮೂವತ್ತು ಸೆಕೆಂಡಿನಲ್ಲಿ ಹದಿನಾಲ್ಕು ಬಾರಿ ಎದ್ದು ಕೂತರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಆದರೆ ಕೊನೆಯ ಬಾರಿ ಎದ್ದಾಗ ಅವರು ಗೋಡೆಯ ಕಡೆಗೆ ಕೈ ಚಾಚಿದ್ದನ್ನು ಫಿಸಿಯೋಥೆರಪಿಸ್ಟ್ ಗಮನಿಸಿದಳು. ವಿಚಾರಿಸಿದರೆ, ರಾತ್ರಿ ಮೂತ್ರಕ್ಕೆಂದು ಎದ್ದಾಗಲೂ ಹೀಗೆಯೇ ಕಣ್ಣು ಕತ್ತಲೆ ಬರುತ್ತದೆ ಎಂದರು. ವೈದ್ಯರು ಅವರನ್ನು ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿ, ನಿಲ್ಲಿಸಿ ಮತ್ತೆ ನೋಡಿದರು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟಾಗಲಿ, ಕೆಳಗಿನದು 10ರಷ್ಟಾಗಲಿ ಇಳಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ. ಇವರದು ಅದಕ್ಕಿಂತ ಹೆಚ್ಚೇ ಇಳಿದಿತ್ತು. ರಕ್ತದೊತ್ತಡದ ಮಾತ್ರೆ ಒಬ್ಬ ವೈದ್ಯರದು, ಪ್ರಾಸ್ಟೇಟ್‌ಗೆ ರಾತ್ರಿ ನುಂಗುವ ಮಾತ್ರೆ ಇನ್ನೊಬ್ಬರದು, ಎರಡೂ ಒತ್ತಡವನ್ನು ಇಳಿಸುವಂಥವು. ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು, ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಬ್ಬರೇ ವೈದ್ಯರ ಮುಂದೆ ಇಡಬೇಕು, ಹಾಸಿಗೆಯಿಂದ ಏಳುವ ಮುನ್ನ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಬೇಕು ಎಂದು ವೈದ್ಯರು ತಾಕೀತು ಮಾಡಿದರು. ಹದಿನಾಲ್ಕು ಎಂಬ ಅಂಕಿಯನ್ನಷ್ಟೇ ಬರೆದುಕೊಂಡು ಕಳಿಸಿದ್ದರೆ ಇದು ಹೊರಬೀಳುತ್ತಿರಲಿಲ್ಲ.

ಊಟಕ್ಕೆ ಮೊದಲು ಬಂದ ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರ ವಿಷಯ ಬೇರೆ. ಮಗನ ಕೈಯಲ್ಲಿ ದಪ್ಪನೆಯ ಫೈಲು. ತಾಯಿಯ ಉಪವಾಸದ ಸಕ್ಕರೆ 126ರ ಕೆಳಗಿದೆ, ರಕ್ತದೊತ್ತಡ 140/90 ದಾಟಿಲ್ಲ ಎಂಬುದನ್ನು ಆತ ತಿಂಗಳುವಾರು ತೋರಿಸಬಲ್ಲವನಾಗಿದ್ದ, ಮತ್ತು ಅಷ್ಟು ಕಾಳಜಿ ಎಲ್ಲ ಮಕ್ಕಳಲ್ಲೂ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಅಜ್ಜಿ ಮೊದಲ ಸಲ ಏಳಲು ಹೋಗಿ ಹಾಗೆಯೇ ಕುಸಿದು ಕೂತರು. ಎರಡನೆಯ ಸಲ ಕುರ್ಚಿಯ ಕೈಗಳನ್ನು ಬಲವಾಗಿ ಒತ್ತಿ ಎದ್ದು, ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಪಾದ ಎತ್ತದೆ ಎಳೆಯುತ್ತ ಹೋಗಿ ಬರುವಷ್ಟರಲ್ಲಿ ಹತ್ತೊಂಬತ್ತು ಸೆಕೆಂಡು ಆಗಿತ್ತು. ‘ಎಲ್ಲೆರ ಬಿದ್ದಿದ್ರೇನ್ರಿ?’ ಎಂದು ಕೇಳಿದರೆ ಉತ್ತರ ಮಗನಿಂದ ಬಂತು: ‘ಇಲ್ರಿ, ಅವ್ವ ಎಂದೂ ಬಿದ್ದಿಲ್ಲ.’ ಅಜ್ಜಿ ತಲೆಯಾಡಿಸಿದರು.

ಮಗನನ್ನು ಔಷಧದ ಚೀಟಿ ಬರೆಸಲೆಂದು ಬೇರೆ ಮೇಜಿಗೆ ಕಳಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ, ಆ ವರ್ಷವೇ ಎರಡು ಸಲ ಬಚ್ಚಲಿನಲ್ಲಿ ಬಿದ್ದಿದ್ದೆ, ಒಂದು ಸಲ ಟವೆಲ್ ಕಂಬಿ ಕಿತ್ತು ಕೈಗೆ ಬಂದಿತ್ತು ಎಂದು ಅಜ್ಜಿ ತಗ್ಗಿದ ದನಿಯಲ್ಲಿ ಹೇಳಿದರು. ಕಂಬಿ ಸಡಿಲವಾಗಿತ್ತೆಂದು ಮನೆಯವರಿಗೆ ಹೇಳಿದ್ದರಂತೆ. ಗೊತ್ತಾದರೆ ಸಂಜೆ ಭಜನೆಗೆ ಕಳಿಸುವುದಿಲ್ಲ, ಒಬ್ಬಳೇ ಕೆಳಗಿಳಿಯಬೇಡ ಎನ್ನುತ್ತಾರೆ, ಕೊನೆಗೆ ಊರಿಗೆ ದೊಡ್ಡ ಮಗನ ಹತ್ತಿರ ಬಿಟ್ಟುಬಂದರೆ ಏನು ಮಾಡಲಿ ಎಂಬುದು ಅವರ ಅಂಜಿಕೆ. ಆ ದಿನ ಸಂಜೆಯವರೆಗೂ ನಾವು ಈ ಪ್ರಶ್ನೆಯನ್ನು ಮಕ್ಕಳನ್ನು ದೂರ ಕಳಿಸಿಯೇ ಕೇಳಿದೆವು, ಮತ್ತು ಬಿದ್ದದ್ದನ್ನು ಬಚ್ಚಿಟ್ಟವರು ಈ ಅಜ್ಜಿ ಒಬ್ಬರೇ ಆಗಿರಲಿಲ್ಲ. ಸಕ್ಕರೆ ಹೆಚ್ಚಾದರೆ ಮನೆಯವರು ಸಿಹಿ ತಪ್ಪಿಸುತ್ತಾರೆ. ಬಿದ್ದದ್ದು ತಿಳಿದರೆ ಓಡಾಟವನ್ನೇ ತಪ್ಪಿಸುತ್ತಾರೆ. ಓಡಾಟ ನಿಂತಷ್ಟೂ ತೊಡೆಯ ಸ್ನಾಯು ಕರಗಿ ಮುಂದಿನ ಬೀಳುವಿಕೆ ಹತ್ತಿರವಾಗುತ್ತದೆ ಎಂಬುದನ್ನು ಮನೆಯವರಿಗೆ ತಿಳಿಹೇಳುವುದೇ ಅಂದಿನ ಕಷ್ಟದ ಕೆಲಸವಾಯಿತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ವೈದ್ಯರು ಹೇಳಿದಾಗ ಮಗ ಫೈಲು ಮುಚ್ಚಿದ. ಸೊಂಟದ ಮೂಳೆ ಮುರಿದವರನ್ನು ಸಾಯಿಸುವುದು ಎಷ್ಟೋ ಸಲ ಮೂಳೆಯಲ್ಲ, ಮಲಗಿದಲ್ಲಿ ಬರುವ ನ್ಯುಮೋನಿಯ, ಹಾಸಿಗೆ ಹುಣ್ಣು, ರಕ್ತ ಹೆಪ್ಪುಗಟ್ಟುವುದು ಎಂಬುದನ್ನೂ ಅವರು ಬಿಡಿಸಿ ಹೇಳಿದರು.

ನಮ್ಮ ಪಕ್ಕದಲ್ಲೇ ಮಕ್ಕಳ ಮೇಜು. ಅಜ್ಜಿಯ ಎಂಟು ವರ್ಷದ ಮೊಮ್ಮಗಳ ಎತ್ತರ, ತೂಕ, ದೃಷ್ಟಿ ಎಲ್ಲ ಸರಿಯಿದ್ದವು, ಆದರೆ ಆಟವೆಲ್ಲಿ ಎಂದರೆ ಮೊಬೈಲಿನಲ್ಲಿ. ಐದರಿಂದ ಹದಿನೇಳರ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ಚಟುವಟಿಕೆ ಬೇಕು. ಕಟ್ಟಡದ ಅಂಗಳವನ್ನೆಲ್ಲ ಕಾರುಗಳು ಹಿಡಿದಿರುವಾಗ ಅದು ಎಲ್ಲಿಂದ ಬರಬೇಕು ಎಂಬ ಸೊಸೆಯ ಪ್ರಶ್ನೆಯೂ ನ್ಯಾಯವಾದದ್ದೇ. ಫಿಸಿಯೋಥೆರಪಿಸ್ಟ್ ಅಜ್ಜಿ ಮೊಮ್ಮಗಳಿಬ್ಬರಿಗೂ ಸೇರಿಸಿ ಒಂದೇ ಚೀಟಿ ಬರೆದಳು: ಸಂಜೆ ಇಬ್ಬರೂ ಜೊತೆಯಾಗಿ ಹತ್ತಿರದ ಉದ್ಯಾನಕ್ಕೆ ಹೋಗುವುದು, ಮತ್ತು ವಾರಕ್ಕೆ ಮೂರು ದಿನ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು. ಎಣಿಸುವ ಕೆಲಸ ಮೊಮ್ಮಗಳದು.

ಮುಂದಿನ ವಾರಗಳಲ್ಲಿ, ಒಪ್ಪಿದವರ ಮನೆಗಳಿಗೆ ಫಿಸಿಯೋಥೆರಪಿಸ್ಟ್ ಮತ್ತು ನಾನು ಹೋಗಿ ಬಂದೆವು. ಮುಂಬಯಿಯ ಸಣ್ಣ ಮನೆಗಳಲ್ಲಿ ಬೀಳಿಸುವಂಥ ವಸ್ತುಗಳೆಲ್ಲ ಬಾಗಿಲ ಬಳಿಯೇ ಸೇರಿರುತ್ತವೆ: ಜಾರುವ ಕಾಲೊರಸು, ಕಟ್ಟಿಟ್ಟ ಹಳೆಯ ಪತ್ರಿಕೆ, ಚಪ್ಪಲಿ ರಾಶಿ, ನೀರು ತುಂಬಿದ ಬಕೆಟ್ಟು. ಬಚ್ಚಲಿನ ಹೊಸ್ತಿಲು ನೀರು ಹೊರಬರದಂತೆ ಎತ್ತರಿಸಿದ್ದು, ಪಾದ ಎತ್ತಲಾರದವರಿಗೆ ಅದೇ ತೊಡಕು. ಅಡಿ ಸವೆದ ಹವಾಯಿ ಚಪ್ಪಲಿಯನ್ನೇ ಒದ್ದೆ ನೆಲದ ಮೇಲೂ ಹಾಕುತ್ತಾರೆ. ಗೋಡೆಗೆ ಹಿಡಿಕಂಬಿ ಹಾಕಿಸಿ ಎಂದರೆ, ಟೈಲ್ಸ್ ಒಡೆದರೆ ಕೆಳಗಿನ ಮನೆಗೆ ಸೋರುತ್ತದೆ, ಸೊಸೈಟಿಯವರು ಜಗಳಕ್ಕೆ ಬರುತ್ತಾರೆ ಎಂಬ ಮಾತು ಹಲವು ಕಡೆ ಕೇಳಿತು. ಬಾಗಲಕೋಟೆಯ ಆ ಮಗ ಮಾತ್ರ ಮೇಸ್ತ್ರಿಯನ್ನು ಕರೆಸಿ, ಟವೆಲ್ ಕಂಬಿ ಇದ್ದ ಜಾಗದಲ್ಲೇ ಭಾರ ತಡೆಯುವ ಹಿಡಿಕಂಬಿ ಕೂರಿಸಿ, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಉರಿಯುವ ಸಣ್ಣ ದೀಪ ಹಾಕಿಸಿದ್ದ. ಅಜ್ಜಿಯ ಭಜನೆ ತಪ್ಪಿಲ್ಲ.

ಸಭಾಂಗಣದಲ್ಲಿ ಈಗ ಹಿರಿಯರಿಗೆ ಸಮತೋಲನದ ವ್ಯಾಯಾಮ ನಡೆಯುತ್ತದೆ. ಶಿಬಿರದಲ್ಲಿ ನಿಧಾನವಾಗಿ ನಡೆದವರಲ್ಲಿ ಎಲ್ಲರೂ ಬರುವುದಿಲ್ಲ, ಬರುವವರಲ್ಲಿ ಹೆಂಗಸರೇ ಹೆಚ್ಚು. ಬೆಳಗ್ಗೆ ನಾಲ್ಕು ಸುತ್ತು ವಾಕಿಂಗ್ ಹಾಕುತ್ತೇವಲ್ಲ, ಮತ್ತೆ ಇದೇಕೆ ಎನ್ನುವ ಗಂಡಸರಿಗೆ, ಸಮತಟ್ಟಾದ ದಾರಿಯ ನಡಿಗೆ ಹೃದಯಕ್ಕೆ ಒಳ್ಳೆಯದೇ ಆದರೂ ಆಯ ತಪ್ಪಿದಾಗ ಸಾವರಿಸಿಕೊಳ್ಳುವ ಬಲ ಅದೊಂದರಿಂದಲೇ ಬರುವುದಿಲ್ಲ ಎಂದು ಹೇಳಿ ನಮಗೂ ಸಾಕಾಗಿದೆ. ಹೋಟೆಲಿನ ಯಜಮಾನರು ಮಾತ್ರ, ವೈದ್ಯರು ಮಾತ್ರೆಯ ಹೊತ್ತು ಬದಲಿಸಿದ ಮೇಲೆ ತಲೆ ತಿರುಗುವುದು ಕಡಿಮೆಯಾಗಿದೆ ಎನ್ನುತ್ತ, ಗಲ್ಲಾ ಮಗನಿಗೆ ಒಪ್ಪಿಸಿ ಬರುತ್ತಾರೆ. ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ನಿಲ್ಲುವ ಭಂಗಿಯಲ್ಲಿ ಹತ್ತು ಸೆಕೆಂಡು ನಿಲ್ಲುವುದು ಅವರಿಗೆ ಇನ್ನೂ ಸಾಧ್ಯವಾಗಿಲ್ಲ.